ಲೇಸರ್ ಮಂದ ಮಾಡಿದರೆ ಒಂದೊಂದೇ ಫೋಟಾನ್ ಬರುತ್ತಾ? ಯಾವ ಬೆಳಕು ಅಂತ ಅಳೆಯುವುದು ಹೇಗೆ?

ತುಮಕೂರು ಎಂಎಸ್ಸಿ:
ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಭೌತಶಾಸ್ತ್ರ ಎಂಎಸ್ಸಿ ಓದುತ್ತಿದ್ದೇನೆ, ಕೊನೆಯ ವರ್ಷ. ಪ್ರಾಜೆಕ್ಟಿಗೆ ಒಂದು ಕೆಂಪು ಲೇಸರ್, ಒಂದಷ್ಟು ಫಿಲ್ಟರ್ ಇಟ್ಟುಕೊಂಡು ಸಿಂಗಲ್ ಫೋಟಾನ್ ಡಬಲ್ ಸ್ಲಿಟ್ (ಬೆಳಕಿನ ಕಣ, ಅಂದರೆ ಫೋಟಾನ್, ಒಂದೊಂದನ್ನೇ ಎರಡು ಸೀಳುಗಳ ಮೂಲಕ ಬಿಟ್ಟು ಆಚೆ ಬರುವ ಪಟ್ಟಿ ನೋಡುವ ಪ್ರಯೋಗ) ಮಾಡೋಣ ಅಂತ ನಾನೂ ನನ್ನ ಗೆಳತಿಯೂ ಹೊರಟಿದ್ದೇವೆ.

ನಮ್ಮ ಲೆಕ್ಕ ಹೀಗಿದೆ. 650 ನ್ಯಾನೋಮೀಟರ್, 1 ಮಿಲಿವ್ಯಾಟ್ ಲೇಸರ್ ಅಂದರೆ ಸೆಕೆಂಡಿಗೆ ಸುಮಾರು 33 ಕೋಟಿ ಕೋಟಿ ಫೋಟಾನ್. ಫಿಲ್ಟರ್ ಹಾಕಿ ಅದನ್ನು ನೂರು ಕೋಟಿ ಪಟ್ಟು ಕಡಿಮೆ ಮಾಡಿದರೆ ಸೆಕೆಂಡಿಗೆ 33 ಲಕ್ಷ ಉಳಿಯುತ್ತವೆ. ಅಂದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಸರಾಸರಿ 90 ಮೀಟರ್ ಅಂತರ. ನಮ್ಮ ಮೇಜು ಇರುವುದೇ ಒಂದು ಮೀಟರ್. ಹಾಗಾಗಿ ಒಂದು ಹೊತ್ತಿಗೆ ಒಂದೇ ಫೋಟಾನ್ ಅಲ್ವಾ?

ಆದರೆ ಸೆಮಿನಾರಿಗೆ ಬಂದಿದ್ದ ಒಬ್ಬ ಮೇಡಂ "ಇದು ಮಂದ ಲೇಸರ್ ಅಷ್ಟೇ, ಸಿಂಗಲ್ ಫೋಟಾನ್ ಅಲ್ಲ" ಅಂದುಬಿಟ್ಟರು. ನಮ್ಮ ಗೈಡ್ ಸರ್ "ಎರಡೂ ಒಂದೇ" ಅನ್ನುತ್ತಾರೆ. ಯಾರು ಸರಿ? ಈ ಬೆಳಕು ಯಾವ ಬಗೆಯದು ಅಂತ ಅಳೆದು ಹೇಳುವುದು ಹೇಗೆ? ಬಜೆಟ್ ಇಲ್ಲ ಅಂತಲೇ ಇಟ್ಟುಕೊಳ್ಳಿ.

ಪಾವಗಡ ಬಿಸಿಲು:
ನಮ್ಮೂರಿಗೆ ಬಂದುಬಿಡಿ. ಫೋಟಾನ್ ಹಿಡಿಯುವುದಕ್ಕೆ ಅಂತಲೇ ಸಾವಿರಾರು ಎಕರೆಗೆ ಪ್ಯಾನೆಲ್ ಹಾಸಿದ್ದಾರೆ. 😄

ಮಧುಗಿರಿ ಮೇಷ್ಟ್ರು:
ನಿಮ್ಮ ಗೈಡ್ ಹೇಳಿದ್ದರಲ್ಲಿ ತಪ್ಪೇನಿಲ್ಲಮ್ಮ. 1909ರಲ್ಲಿ ಜಿ. ಐ. ಟೇಲರ್ ಮಾಡಿದ್ದು ಇದನ್ನೇ. ಒಂದು ಗ್ಯಾಸ್ ದೀಪ, ಮಸಿ ಹಿಡಿಸಿದ ಗಾಜು, ಒಂದು ಸೂಜಿ, ಒಂದು ಫೋಟೋ ಪ್ಲೇಟ್. ಅತಿ ಮಂದ ಬೆಳಕಿನಲ್ಲಿ ಪ್ಲೇಟನ್ನು ಸುಮಾರು ಮೂರು ತಿಂಗಳು ಹಾಗೇ ಬಿಟ್ಟಿದ್ದರು. ಸೂಜಿಯ ನೆರಳಿನ ಸುತ್ತ ಬೆಳಕು ಕತ್ತಲಿನ ಪಟ್ಟಿಗಳು ಎಂದಿನಷ್ಟೇ ಸ್ಪಷ್ಟವಾಗಿ ಬಂದವು. ನಾನು ಪಾಠ ಮಾಡುವಾಗ ಪ್ರತಿ ವರ್ಷ ಇದನ್ನೇ ಹೇಳುತ್ತಿದ್ದೆ. ಧೈರ್ಯವಾಗಿ ಮಾಡಿ.

ಅರೆಬೆಂದ ಫೋಟಾನ್:
ಊರು ತಿಪಟೂರು, ಕೆಲಸ ಬೆಂಗಳೂರಿನ ಒಂದು ಆಪ್ಟಿಕ್ಸ್ ಲ್ಯಾಬಿನಲ್ಲಿ. ಮೇಷ್ಟ್ರೇ, ಕ್ಷಮಿಸಿ, ನಾನು ಆ ಮೇಡಂ ಪರ.

ಟೇಲರ್ ಪ್ರಯೋಗ ಚೆನ್ನಾಗಿದೆ. ಆದರೆ ಅಲ್ಲಿ ಕಂಡದ್ದನ್ನೆಲ್ಲ ಬರೀ ಅಲೆ ಅಂತ ಇಟ್ಟುಕೊಂಡೇ ವಿವರಿಸಬಹುದು. ಫೋಟಾನ್ ಬೇಕೇ ಬೇಕು ಅನ್ನುವ ಸಾಕ್ಷಿ ಅದರಲ್ಲಿ ಇಲ್ಲ.

ಲೇಸರ್ ಬೆಳಕಿನಲ್ಲಿ ಫೋಟಾನ್ ಇಷ್ಟೇ ಅಂತ ನಿಗದಿ ಇರುವುದಿಲ್ಲ. ಸರಾಸರಿ ಮಾತ್ರ ಇರುತ್ತದೆ. ಒಂದೊಂದು ಪಲ್ಸಿಗೆ ಸರಾಸರಿ 0.1 ಫೋಟಾನ್ ಬರುವಷ್ಟು ಮಂದ ಮಾಡಿದ್ದೀರಿ ಅಂದುಕೊಳ್ಳಿ. 1000 ಪಲ್ಸ್ ಕಳಿಸಿದರೆ 905ರಲ್ಲಿ ಏನೂ ಇರುವುದಿಲ್ಲ. ಸುಮಾರು 90ರಲ್ಲಿ ಒಂದು. ನಾಲ್ಕೈದರಲ್ಲಿ ಎರಡು ಅಥವಾ ಜಾಸ್ತಿ. ಅಂದರೆ ಏನಾದರೂ ಇರುವ ಪಲ್ಸುಗಳಲ್ಲೇ ನೂರಕ್ಕೆ ಐದರಲ್ಲಿ ಜೋಡಿ ಇದೆ. ಇನ್ನೂ ಫಿಲ್ಟರ್ ಹಾಕಿದರೆ ಜೋಡಿ ಕಡಿಮೆಯಾಗುತ್ತದೆ, ಖಾಲಿ ಪಲ್ಸ್ ಜಾಸ್ತಿಯಾಗುತ್ತದೆ. ಬೆಳಕಿನ ಜಾತಿ ಬದಲಾಗುವುದಿಲ್ಲ. ಲೇಸರ್ ಬೆಳಕಿನ ಈ ಸ್ಥಿತಿಗೆ ಕೊಹೆರೆಂಟ್ ಸ್ಟೇಟ್ ಅಂತ ಹೆಸರು. ಅದನ್ನು ಎಷ್ಟು ಸೋಸಿದರೂ ಸಿಗುವುದು ಇನ್ನೊಂದು ಚಿಕ್ಕ ಕೊಹೆರೆಂಟ್ ಸ್ಟೇಟ್.

ನಿಮ್ಮ 90 ಮೀಟರ್ ಬರೀ ಸರಾಸರಿ. ಫೋಟಾನುಗಳು ಆ ಅಂತರ ಕಾಯ್ದುಕೊಂಡು ಸಾಲಾಗಿ ಬರುತ್ತಿಲ್ಲ.

ಗೌರಿಬಿದನೂರು ಗಿರಾಕಿ:
ನನಗೆ ಅರ್ಥವಾದದ್ದು ಇಷ್ಟು. ಚಿಂತಾಮಣಿ ರೂಟಿನಲ್ಲಿ ಗಂಟೆಗೆ ನಾಲ್ಕು ಬಸ್ ಅಂತ ಬೋರ್ಡಿನಲ್ಲಿ ಇರುತ್ತದೆ. ಕಾಲು ಗಂಟೆಗೊಂದು ಬಂದರೆ ಅದು ಒಂದು ಕಥೆ. ಮನಸ್ಸು ಬಂದಾಗ ಬಂದರೆ ಲೇಸರ್. ಮುಕ್ಕಾಲು ಗಂಟೆ ಏನೂ ಇಲ್ಲದೆ ನಾಲ್ಕು ಪ್ರೈವೇಟ್ ಬಸ್ ಒಂದರ ಹಿಂದೆ ಒಂದು ಹಾರ್ನ್ ಹೊಡೆದುಕೊಂಡು ಬಂದರೆ ಇನ್ನೊಂದು. ಗಂಟೆಗೆ ನಾಲ್ಕು ಅನ್ನುವುದು ಮೂರಕ್ಕೂ ಸರಿ. ಹೌದಾ?

ಅರೆಬೆಂದ ಫೋಟಾನ್:
ಹೌದು ಗುರು, ಸರಿಯಾಗಿ ಹಿಡಿದಿದ್ದೀರಿ. ಮೂರನೆಯದು ಬಲ್ಬು, ನಕ್ಷತ್ರದಂಥ ಬಿಸಿ ವಸ್ತುವಿನ ಬೆಳಕು. ಅದಕ್ಕೆ ಥರ್ಮಲ್ ಲೈಟ್ ಅನ್ನುತ್ತಾರೆ.

ಸಿರಾ ಸೀಮೆ:
ಬಸ್ಸಿಗೆ ನಂಬರ್ ಪ್ಲೇಟ್ ಇರುತ್ತದೆ. ಫೋಟಾನಿಗೆ ಇಲ್ಲ. ಇದು ಅದು ಅಂತ ಗುರುತಿಸಲು ಆಗುವುದೇ ಇಲ್ಲ ಅಂತ ಇಟ್ಟುಕೊಂಡು ಲೆಕ್ಕ ಹಾಕಿದ್ದಕ್ಕೇ ಅಲ್ವಾ 1924ರಲ್ಲಿ ಸತ್ಯೇಂದ್ರನಾಥ ಬೋಸ್ ಬಿಸಿ ವಸ್ತುವಿನ ಬೆಳಕಿಗೆ ಇರುವ ಪ್ಲಾಂಕ್ ಸೂತ್ರವನ್ನು ಹೊಸದಾಗಿ ತೆಗೆದದ್ದು? ಹಾಗಾಗಿ ಬಸ್ಸನ್ನು ತೀರಾ ನಂಬಬೇಡಿ.

ಗೌರಿಬಿದನೂರು ಗಿರಾಕಿ:
ಪ್ರೈವೇಟ್ ಬಸ್ಸನ್ನು ನಂಬುವವರು ಯಾರು ಬಿಡಿ.

ತುಮಕೂರು ಎಂಎಸ್ಸಿ:
ಸರಿ, ಮೂರು ಜಾತಿ ಇದೆ ಅಂತ ಒಪ್ಪಿದೆ. ಅಳೆಯುವುದು ಹೇಗೆ? ಪವರ್ ಮೀಟರ್ ಮೂರಕ್ಕೂ ಒಂದೇ ತೋರಿಸುತ್ತದೆ ತಾನೇ?

ಅರೆಬೆಂದ ಫೋಟಾನ್:
ಅದೇ ವಿಷಯ. ಪವರ್ ಮೀಟರ್ ಸರಾಸರಿ ಹೇಳುತ್ತದೆ. ಸ್ಪೆಕ್ಟ್ರೋಮೀಟರ್ ಬಣ್ಣ ಹೇಳುತ್ತದೆ. ಜಾತಿ ಹೇಳುವುದು ಏರಿಳಿತ.

ಮೊದಲು ಮಾಡಬೇಕಾದ್ದು ಹ್ಯಾನ್‌ಬರಿ ಬ್ರೌನ್ ಮತ್ತು ಟ್ವಿಸ್ ಪ್ರಯೋಗ. ಬೆಳಕನ್ನು ಅರ್ಧ ಹಾಯಿಸಿ ಅರ್ಧ ಪ್ರತಿಫಲಿಸುವ ಬೀಮ್ ಸ್ಪ್ಲಿಟರ್ ಮೇಲೆ ಬಿಡಿ. ಎರಡು ಕಡೆ ಎರಡು ಡಿಟೆಕ್ಟರ್ ಇಡಿ. ಎರಡೂ ಒಟ್ಟಿಗೆ ಕ್ಲಿಕ್ ಆಗುವುದು ಎಷ್ಟು ಸಲ ಅಂತ ಎಣಿಸಿ. ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಆಕಸ್ಮಿಕವಾಗಿ ಎಷ್ಟು ಸಲ ಒಟ್ಟಿಗೆ ಆಗುತ್ತಿತ್ತೋ ಅದರಿಂದ ಭಾಗಿಸಿ. ಬಂದ ಸಂಖ್ಯೆಯೇ ಜಿ-2. ಲೇಸರಿಗೆ 1. ಥರ್ಮಲ್ ಬೆಳಕಿಗೆ 2. ನಿಜವಾದ ಸಿಂಗಲ್ ಫೋಟಾನಿಗೆ 0, ಯಾಕೆಂದರೆ ಒಂದೇ ಫೋಟಾನ್ ಎರಡೂ ಕಡೆ ಕ್ಲಿಕ್ ಮಾಡಲಾರದು.

ನಿಮ್ಮ ಮಂದ ಲೇಸರ್ ಅನ್ನು ಇದರ ಮೇಲೆ ಬಿಟ್ಟರೆ 1 ಬರುತ್ತದೆ. ಎಷ್ಟೇ ಫಿಲ್ಟರ್ ಹಾಕಿ, 1 ಬರುತ್ತದೆ. ಮೇಡಂ ಹೇಳಿದ್ದು ಇದನ್ನೇ.

ಕೆಜಿಎಫ್ ಹುಡುಗಿ:
ಒಂದೇ ಡಿಟೆಕ್ಟರ್ ಇಟ್ಟು ಎರಡು ಕ್ಲಿಕ್ ಹತ್ತಿರ ಹತ್ತಿರ ಬಂತಾ ಅಂತ ನೋಡಿದರೆ ಆಗಲ್ವಾ? ಸುಮ್ನೆ ಎರಡು ಯಾಕೆ?

ಅರೆಬೆಂದ ಫೋಟಾನ್:
ಒಳ್ಳೆ ಪ್ರಶ್ನೆ. ಫೋಟಾನ್ ಎಣಿಸುವ ಅವಲಾಂಚ್ ಡಯೋಡ್ ಒಂದು ಸಲ ಕ್ಲಿಕ್ ಆದಮೇಲೆ ಹತ್ತಾರು ನ್ಯಾನೋಸೆಕೆಂಡ್ ಸತ್ತಂತೆ ಇರುತ್ತದೆ. ನಾವು ಹುಡುಕುವ ಎರಡನೆಯ ಫೋಟಾನ್ ಅಷ್ಟರಲ್ಲೇ ಬಂದು ಹೋಗಿರುತ್ತದೆ. ಜೊತೆಗೆ ಕೆಲವೊಮ್ಮೆ ಬೆಳಕೇ ಇಲ್ಲದೆ ಇನ್ನೊಂದು ಸುಳ್ಳು ಕ್ಲಿಕ್ ಹೊಡೆಯುತ್ತದೆ. ಎರಡು ಡಿಟೆಕ್ಟರ್ ಇಟ್ಟರೆ ಈ ಎರಡೂ ತಲೆನೋವು ಇಲ್ಲ.

ಕೆಜಿಎಫ್ ಹುಡುಗಿ:
ಓಹ್, ಹಾಗಾದರೆ ನಮ್ಮ ಗಣಿಯಲ್ಲಿ ಮಾಡುತ್ತಿದ್ದದ್ದೂ ಇದೇ ತರ! ಒಂದಲ್ಲ, ಹಲವು ಡಿಟೆಕ್ಟರ್ ಒಟ್ಟಿಗೆ ಕ್ಲಿಕ್ ಆದರೆ ಮಾತ್ರ ಲೆಕ್ಕ. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ (ಯಾವುದಕ್ಕೂ ಸುಲಭವಾಗಿ ಸಿಗದ ಕಣ) ಮೊದಲು ಸಿಕ್ಕಿದ್ದು ಎರಡು ಕಡೆ. ಒಂದು ದಕ್ಷಿಣ ಆಫ್ರಿಕಾದ ಗಣಿ, ಇನ್ನೊಂದು ಕೆಜಿಎಫ್. ಎರಡು ಕಿಲೋಮೀಟರಿಗೂ ಆಳದಲ್ಲಿ. ನಮ್ಮ ತಾತ ಅಲ್ಲಿ ಕೆಲಸಕ್ಕೆ ಇಳಿಯುತ್ತಿದ್ದರು. "ಕತ್ತಲಲ್ಲಿ ಇನ್ನೂ ಕತ್ತಲೆ ಹುಡುಕಲು ಬಾಂಬೆಯಿಂದ ಸೈಂಟಿಸ್ಟುಗಳು ಬಂದಿದ್ದರು" ಅಂತ ನಗುತ್ತಿದ್ದರು.

ಸಿರಾ ಸೀಮೆ:
2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಈಗ ನ್ಯೂಟ್ರಿನೋ ಹಿಡಿಯುವುದಕ್ಕೆ ಹೊಸ ಜಾಗ ಹುಡುಕುತ್ತಾ ಕೂತಿದ್ದೇವೆ.

ಪಾವಗಡ ಬಿಸಿಲು:
ಥ್ರೆಡ್ ಬೆಳಕಿನಿಂದ ಗಣಿಗೆ ಇಳಿದಿದೆ. ಯಾರಾದರೂ ಮೇಲಕ್ಕೆ ಎಳೆಯಿರಿ.

ಮಧುಗಿರಿ ಮೇಷ್ಟ್ರು:
ಎಳೆಯುತ್ತೇನೆ. ಹ್ಯಾನ್‌ಬರಿ ಬ್ರೌನ್ ಮೂಲತಃ ರೇಡಿಯೋ ಖಗೋಳದವರು. ಮೊದಲು ರೇಡಿಯೋ ಅಲೆಗಳಲ್ಲಿ ಈ ವಿಧಾನ ಮಾಡಿ, ಆಮೇಲೆ ಬೆಳಕಿಗೆ ತಂದರು. 1956ರಲ್ಲಿ ಹಳೆಯ ಸರ್ಚ್‌ಲೈಟ್ ಕನ್ನಡಿಗಳನ್ನು ಇಟ್ಟುಕೊಂಡು ಸಿರಿಯಸ್ ನಕ್ಷತ್ರದ ಅಗಲ ಅಳೆದರು. ಆಗ ದೊಡ್ಡ ದೊಡ್ಡವರೇ "ಇದು ಸಾಧ್ಯವಿಲ್ಲ" ಅಂದಿದ್ದರು. ಬೇರೆ ಬೇರೆ ಫೋಟಾನುಗಳು ಒಟ್ಟಿಗೆ ಯಾಕೆ ಬರಬೇಕು ಅಂತ ಅವರ ವಾದ. ಆಮೇಲೆ ಆಸ್ಟ್ರೇಲಿಯಾದ ನಾರಾಬ್ರೈಯಲ್ಲಿ 32 ನಕ್ಷತ್ರಗಳ ಅಗಲ ಅಳೆದು ಬಾಯಿ ಮುಚ್ಚಿಸಿದರು.

ಅರೆಬೆಂದವರೇ, ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಆದರೆ 2 ಬಂದರೂ ಅದು ಕ್ವಾಂಟಮ್ ಅಂತ ಹೇಗೆ ಹೇಳುತ್ತೀರಿ? ರೇಡಿಯೋದಲ್ಲಿ ಫೋಟಾನ್ ಮಾತೇ ಎತ್ತದೆ ಅದು ಬಂತಲ್ಲ.

ಅರೆಬೆಂದ ಫೋಟಾನ್:
ಹೇಳುವುದಿಲ್ಲ ಮೇಷ್ಟ್ರೇ. 2 ಬಂದರೆ ಅಲೆಯೇ ಸಾಕು. ತೀವ್ರತೆ ಏರಿಳಿಯುತ್ತಿದ್ದರೆ ಅದರ ವರ್ಗದ ಸರಾಸರಿ, ಸರಾಸರಿಯ ವರ್ಗಕ್ಕಿಂತ ಯಾವಾಗಲೂ ಜಾಸ್ತಿ. ಅಲೆಯ ಲೆಕ್ಕದಲ್ಲಿ ಜಿ-2 ಅಂದರೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದ್ದು. ಹಾಗಾಗಿ ಯಾವ ಅಲೆಗೂ ಅದು ಒಂದಕ್ಕಿಂತ ಕೆಳಗೆ ಇಳಿಯಲು ಸಾಧ್ಯವೇ ಇಲ್ಲ. ಇಳಿದರೆ ಮಾತ್ರ ಫೋಟಾನ್ ಇಲ್ಲದೆ ಗತಿಯಿಲ್ಲ. ಅದನ್ನು ಮೊದಲು ತೋರಿಸಿದ್ದು 1977ರಲ್ಲಿ ಕಿಂಬಲ್, ಡಾಗನೈ ಮತ್ತು ಮ್ಯಾಂಡೆಲ್, ಸೋಡಿಯಂ ಪರಮಾಣುಗಳ ಬೆಳಕಿನಲ್ಲಿ. ಆಮೇಲೆ 1986ರಲ್ಲಿ ಗ್ರಾಂಜಿಯೆ, ರೋಜೆ, ಆಸ್ಪೆ ಮೂವರು ಒಂದೊಂದೇ ಫೋಟಾನ್ ಇಟ್ಟುಕೊಂಡು ಎರಡನ್ನೂ ತೋರಿಸಿದರು. ಬೀಮ್ ಸ್ಪ್ಲಿಟರಿನಲ್ಲಿ ಅದು ಒಂದೇ ಕಡೆ ಕ್ಲಿಕ್ ಆಗುತ್ತದೆ, ಎರಡು ದಾರಿಯ ಬೆಳಕನ್ನು ಮತ್ತೆ ಬೆರೆಸುವ ಇಂಟರ್‌ಫೆರೋಮೀಟರಿನಲ್ಲಿ ಪಟ್ಟಿಯೂ ಬರುತ್ತದೆ. ಟೇಲರ್ ಬದಲು ಪಾಠದಲ್ಲಿ ಅದನ್ನು ಹೇಳಬೇಕು ಅಂತ ನನ್ನ ಅಭಿಪ್ರಾಯ.

ಮಧುಗಿರಿ ಮೇಷ್ಟ್ರು:
ಟೇಲರ್ ಅನ್ನು ಸಿಲಬಸ್ಸಿನಿಂದ ತೆಗೆದರೆ ಪರೀಕ್ಷೆಯಲ್ಲಿ ಅವರೇ ಬರುತ್ತಾರೆ.

ಶಿಡ್ಲಘಟ್ಟ ರೇಷ್ಮೆ:
ನಡುವೆ ಬಾಯಿ ಹಾಕಿದ್ದಕ್ಕೆ ಬೈಯಬೇಡಿ. ನಮ್ಮ ಕಡೆ ಒಬ್ಬರು "ಕ್ವಾಂಟಮ್ ಬೆಳಕಿನ ಚಿಕಿತ್ಸೆ" ಅಂತ ಕೈಗೆ ಕಟ್ಟುವ ಪಟ್ಟಿ ಮಾರುತ್ತಿದ್ದಾರೆ. ಅತ್ತೆ ಮಂಡಿನೋವಿಗೆ ಅಂತ ತಗೊಂಡಿದ್ದಾರೆ. ಇದು ಅದೇ ಬೆಳಕಾ?

ಸಿರಾ ಸೀಮೆ:
ಜಿ-2 ಎಷ್ಟು ಅಂತ ಕೇಳಿ. ಅಂಗಡಿ ಮುಚ್ಚಿಕೊಂಡು ಹೋಗುತ್ತಾರೆ.

ಗೌರಿಬಿದನೂರು ಗಿರಾಕಿ:
ಎಚ್. ನರಸಿಂಹಯ್ಯನವರ ಹೊಸೂರು ನಮ್ಮ ತಾಲ್ಲೂಕೇ. ಅವರೂ ಭೌತಶಾಸ್ತ್ರದ ಮೇಷ್ಟ್ರು, ಪವಾಡದವರನ್ನೆಲ್ಲ ಪರೀಕ್ಷೆಗೆ ಬನ್ನಿ ಅಂತ ಕರೆದವರು. ಇದ್ದಿದ್ದರೆ ಆ ಪಟ್ಟಿಯವನಿಗೆ ಇವತ್ತೇ ಕಾಗದ ಬರೆಯುತ್ತಿದ್ದರು. ಅತ್ತೆಯನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಕ್ಕಾ.

ತುಮಕೂರು ಎಂಎಸ್ಸಿ:
ನಿಜವಾದ ಸಿಂಗಲ್ ಫೋಟಾನ್ ಬೇಕು ಅಂದರೆ ಏನು ಮಾಡಬೇಕು? ಬರೀ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಅರೆಬೆಂದ ಫೋಟಾನ್:
ವಿದ್ಯಾರ್ಥಿ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಮಾಡುವುದು ಹೀಗೆ. 405 ನ್ಯಾನೋಮೀಟರ್ ನೇರಳೆ ಲೇಸರ್ ಅನ್ನು ಬಿಬಿಒ ಅನ್ನುವ ಹರಳಿನ ಒಳಗೆ ಬಿಡುತ್ತಾರೆ. ಅಪರೂಪಕ್ಕೆ ಒಂದು ನೇರಳೆ ಫೋಟಾನ್ ಒಡೆದು ಎರಡು 810 ನ್ಯಾನೋಮೀಟರ್ ಫೋಟಾನ್ ಆಗುತ್ತದೆ. ಒಂದು ಈ ಕಡೆ, ಒಂದು ಆ ಕಡೆ. ಈ ಕಡೆ ಕ್ಲಿಕ್ ಆದ ಕ್ಷಣ ಆ ಕಡೆ ಒಂದು ಇದೆ ಅಂತ ಗೊತ್ತು. ಆ ಕ್ಷಣಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಜಿ-2 ಸೊನ್ನೆಯ ಹತ್ತಿರ ಬರುತ್ತದೆ. ಹರಳು ಹೇಗೋ ಹೊಂದಿಸಬಹುದು. ಎಣಿಸುವ ಡಿಟೆಕ್ಟರ್ ಒಂದೊಂದಕ್ಕೆ ಲಕ್ಷಗಟ್ಟಲೆ, ಕನಿಷ್ಠ ಮೂರು ಬೇಕು.

ಪಾವಗಡ ಬಿಸಿಲು:
ಹಾಗಾದರೆ ಗುಟ್ಟಿನ ಸಂದೇಶಕ್ಕೆ ಬೆಳಕಿನಲ್ಲಿ ಕ್ವಾಂಟಮ್ ಕೀ ಕಳಿಸುತ್ತೇವೆ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅವರೆಲ್ಲ ಈ ಹರಳು ಇಟ್ಟುಕೊಂಡಿದ್ದಾರಾ?

ಅರೆಬೆಂದ ಫೋಟಾನ್:
ಕೆಲವರು. ಬಹಳಷ್ಟು ಜನ ಬಳಸುವುದು ಮಂದ ಲೇಸರನ್ನೇ! ಜೋಡಿ ಫೋಟಾನ್ ಇರುವ ಪಲ್ಸಿನಿಂದ ಕಳ್ಳ ಒಂದನ್ನು ಎತ್ತಿಕೊಳ್ಳಬಹುದು ಅನ್ನುವ ಭಯ ಇದ್ದೇ ಇದೆ. ಅದಕ್ಕೆ ಬೇರೆ ಬೇರೆ ಪ್ರಖರತೆಯ ಸುಳ್ಳು ಪಲ್ಸುಗಳನ್ನು ನಡುವೆ ಸೇರಿಸಿ, ಯಾರಾದರೂ ಕದ್ದರೆ ಲೆಕ್ಕ ತಪ್ಪುವಂತೆ ಮಾಡುತ್ತಾರೆ. 2003ರಿಂದ 2005ರ ಹೊತ್ತಿಗೆ ಬಂದ ಉಪಾಯ. ಅಲ್ಲಿ ಮಂದ ಲೇಸರ್ ಬಳಸುವುದರಲ್ಲಿ ತಪ್ಪಿಲ್ಲ, ಯಾಕೆಂದರೆ ಅದು ಸಿಂಗಲ್ ಫೋಟಾನ್ ಅಲ್ಲ ಅಂತ ಒಪ್ಪಿಕೊಂಡೇ ಲೆಕ್ಕ ಹಾಕಿದ್ದಾರೆ.

ಚಿಂತಾಮಣಿ ರೇಡಿಯೋ:
ನಾನು ರೇಡಿಯೋ, ಟೀವಿ ರಿಪೇರಿಯವನು. ಈಗ ಅಂಗಡಿ ಮಗನದು, ಮೊಬೈಲ್ ಮಾತ್ರ. ಬೆಳಗ್ಗೆಯಿಂದ ಓದುತ್ತಿದ್ದೇನೆ. ಎಲ್ಲರೂ ಕ್ಲಿಕ್ ಎಣಿಸುವ ಮಾತೇ ಆಡುತ್ತಿದ್ದೀರಿ. ರೇಡಿಯೋದಲ್ಲಿ ನಾವು ಕ್ಲಿಕ್ ಎಣಿಸುವುದಿಲ್ಲ, ಅಲೆಯನ್ನೇ ಹಿಡಿಯುತ್ತೇವೆ. ಎತ್ತರ ಎಷ್ಟು, ಫೇಸ್ ಎಷ್ಟು, ಅಂದರೆ ಅಲೆ ತನ್ನ ಏರಿಳಿತದಲ್ಲಿ ಯಾವ ಹಂತದಲ್ಲಿದೆ. ಬೆಳಕೂ ಅಲೆಯೇ ತಾನೇ, ಅದರ ಫೇಸ್ ಯಾಕೆ ಅಳೆಯಬಾರದು?

ಅರೆಬೆಂದ ಫೋಟಾನ್:
ಅಣ್ಣಾ, ನೀವು ಈ ಥ್ರೆಡ್ಡಿನ ಅತ್ಯುತ್ತಮ ಪ್ರಶ್ನೆ ಕೇಳಿದ್ದೀರಿ. ನಿಮ್ಮ ಸೂಪರ್‌ಹೆಟ್ ರೇಡಿಯೋ ಸೆಟ್ಟಿನಲ್ಲಿ ಒಳಗೇ ಅಲೆ ಹುಟ್ಟಿಸುವ ಲೋಕಲ್ ಆಸಿಲೇಟರ್ ಇರುತ್ತದಲ್ಲ?

ಚಿಂತಾಮಣಿ ರೇಡಿಯೋ:
ಅದಿಲ್ಲದೆ ಸೆಟ್ಟೇ ಇಲ್ಲ. ಸ್ಟೇಷನ್ ಸಿಗ್ನಲ್ ಜೊತೆ ಅದನ್ನು ಬೆರೆಸಿದರೆ 455 ಕಿಲೋಹರ್ಟ್ಜ್ ಬರುತ್ತದೆ, ಅದೇ ಐಎಫ್, ನಡುವಿನ ಫ್ರೀಕ್ವೆನ್ಸಿ. ಆಮೇಲೆ ಐಎಫ್‌ಟಿ ಡಬ್ಬಿ.

ಅರೆಬೆಂದ ಫೋಟಾನ್:
ಬೆಳಕಿನಲ್ಲೂ ಅದೇ ಹೆಸರು, ಅದೇ ಕೆಲಸ. ಅಳೆಯಬೇಕಾದ ಕ್ಷೀಣ ಬೆಳಕು ಒಂದು ಕಡೆಯಿಂದ, ಜೋರಾದ ಲೇಸರ್ ಇನ್ನೊಂದು ಕಡೆಯಿಂದ ಬೀಮ್ ಸ್ಪ್ಲಿಟರಿಗೆ ಬರುತ್ತವೆ. ಆ ಜೋರಾದದ್ದೇ ಲೋಕಲ್ ಆಸಿಲೇಟರ್. ಎರಡರ ಫ್ರೀಕ್ವೆನ್ಸಿ ಒಂದೇ, ಹಾಗಾಗಿ ಐಎಫ್ ಇಲ್ಲ. ಇದಕ್ಕೆ ಹೋಮೋಡೈನ್ ಅನ್ನುತ್ತಾರೆ. ಹೊರಗೆ ಎರಡು ಸಾದಾ ಫೋಟೋಡಯೋಡ್. ಎರಡರ ಕರೆಂಟನ್ನು ಕಳೆಯಿರಿ. ಲೇಸರಿನ ಸ್ವಂತ ಗದ್ದಲ ಎರಡರಲ್ಲೂ ಸಮ ಇರುವುದರಿಂದ ಹೋಗಿಬಿಡುತ್ತದೆ. ಉಳಿದದ್ದು ಕ್ಷೀಣ ಬೆಳಕಿನ ಅಲೆಯ ಎತ್ತರ, ಅದೂ ನೀವು ಇಟ್ಟ ಫೇಸಿಗೆ ತಕ್ಕಂತೆ. ಲೋಕಲ್ ಆಸಿಲೇಟರಿನ ಫೇಸ್ ತಿರುಗಿಸಿದರೆ ಅಲೆಯ ಬೇರೆ ಬೇರೆ ಮುಖ ಕಾಣುತ್ತದೆ.

ಈಗ ಮಜಾ ನೋಡಿ. ಸಿಗ್ನಲ್ ಬರುವ ಬಾಯಿಯನ್ನು ಪೂರ್ತಿ ಮುಚ್ಚಿಬಿಡಿ. ಏನೂ ಬೆಳಕಿಲ್ಲ. ಆದರೂ ಕಳೆದು ಉಳಿದ ಕರೆಂಟಿನಲ್ಲಿ ಗದ್ದಲ ಇರುತ್ತದೆ.

ಚಿಂತಾಮಣಿ ರೇಡಿಯೋ:
ಆಂಟೆನಾ ಕಿತ್ತರೂ ಸುಯ್ ಅನ್ನುತ್ತದೆ, ಅದೇನು ಹೊಸದು?

ಅರೆಬೆಂದ ಫೋಟಾನ್:
ರೇಡಿಯೋದಲ್ಲಿ ಆ ಸುಯ್ ಬಿಸಿಯಿಂದ ಬಂದದ್ದು. ರೇಡಿಯೋ ಫೋಟಾನಿನ ಶಕ್ತಿ ಎಷ್ಟು ಚಿಕ್ಕದೆಂದರೆ, 34.5 ಮೆಗಾಹರ್ಟ್ಜ್‌ನಲ್ಲಿ ಕೋಣೆಯ ಬಿಸಿ ಅದಕ್ಕಿಂತ ಸುಮಾರು 1.8 ಲಕ್ಷ ಪಟ್ಟು ಜಾಸ್ತಿ. ಕೆಂಪು ಬೆಳಕಿನಲ್ಲಿ ತಿರುಗುಮುರುಗು. ಫೋಟಾನಿನ ಶಕ್ತಿ ಕೋಣೆಯ ಬಿಸಿಗಿಂತ 70 ಪಟ್ಟಿಗೂ ಜಾಸ್ತಿ. ಬಿಸಿಯಿಂದ ಹುಟ್ಟುವ ಕೆಂಪು ಫೋಟಾನ್ ಇಲ್ಲವೇ ಇಲ್ಲ ಅನ್ನಬಹುದು. ಆದರೂ ಉಳಿಯುವ ಆ ಸುಯ್ ಖಾಲಿಯ ಸದ್ದು, ವ್ಯಾಕ್ಯೂಮ್ ಸ್ಟೇಟ್. ಅದನ್ನು ಸೆಟ್ ಕೆಟ್ಟಿದೆ ಅಂತ ರಿಪೇರಿ ಮಾಡಲು ಆಗುವುದಿಲ್ಲ.

ಚಿಂತಾಮಣಿ ರೇಡಿಯೋ:
ಗಿರಾಕಿಗಳಿಗೆ ಇದನ್ನು ಮೊದಲೇ ಹೇಳಬಹುದಿತ್ತು ನೋಡಿ!

ಗೌರಿಬಿದನೂರು ಗಿರಾಕಿ:
34.5 ಅಂದ ತಕ್ಷಣ ಕಿವಿ ನಿಮಿರಿತು. ನಮ್ಮೂರಿನ ರೇಡಿಯೋ ದೂರದರ್ಶಕದ ಫ್ರೀಕ್ವೆನ್ಸಿ ಅದೇ! ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ್ದು. ಕಂಬ, ತಂತಿಗಳು ಇಂಗ್ಲಿಷ್ ಟಿ ಆಕಾರದಲ್ಲಿ ನಿಂತಿವೆ. ಶಾಲೆಯಿಂದ ಕರೆದುಕೊಂಡು ಹೋದಾಗ "ದೂರದರ್ಶಕ ಎಲ್ಲಿ?" ಅಂತ ಕೇಳಿದ ಗುಂಪಿನಲ್ಲಿ ನಾನೂ ಇದ್ದೆ. ಬಟ್ಟೆ ಒಣಗಿಸುವ ತಂತಿ ಅಂದುಕೊಂಡಿದ್ದೆವು.

ಅರೆಬೆಂದ ಫೋಟಾನ್:
ಅದಕ್ಕೇ ಆ ಸಂಖ್ಯೆ ತೆಗೆದುಕೊಂಡೆ. 😊

ಕೋಲಾರ ಸ್ಕ್ಯಾನ್:
ಫೇಸ್ ತಿರುಗಿಸಿ ಬೇರೆ ಬೇರೆ ಮುಖ ನೋಡುವುದು ಅಂದಿರಿ. ಆಮೇಲೆ ಎಲ್ಲ ಸೇರಿಸಿ ಒಂದು ಚಿತ್ರ ಮಾಡುತ್ತೀರಾ? ನಾನು ಸ್ಕ್ಯಾನಿಂಗ್ ಸೆಂಟರಿನಲ್ಲಿ ಟೆಕ್ನಿಷಿಯನ್. ನಮ್ಮ ಸಿಟಿ ಮಷಿನ್ ಮಾಡುವುದೂ ಇದೇ ಅಲ್ವಾ, ಸುತ್ತ ತಿರುಗಿ ನೆರಳು ತೆಗೆದು ಒಳಗಿನ ಚಿತ್ರ ಕಟ್ಟುವುದು?

ಅರೆಬೆಂದ ಫೋಟಾನ್:
ಗಣಿತ ಅದೇ ಸರ್. 1917ರಲ್ಲಿ ರಾಡಾನ್ ಬರೆದ ಗಣಿತ. ಇಲ್ಲಿ ಕಟ್ಟುವ ಚಿತ್ರದ ಹೆಸರು ವಿಗ್ನರ್ ಫಂಕ್ಷನ್, ಅದು 1932ರದು. ಬೆಳಕಿಗೆ ಹೀಗೆ ಮಾಡಬಹುದು ಅಂತ 1989ರಲ್ಲಿ ಫೋಗಲ್ ಮತ್ತು ರಿಸ್ಕೆನ್ ತೋರಿಸಿದರು. 1993ರಲ್ಲಿ ಅಮೆರಿಕದಲ್ಲಿ ರೇಮರ್ ತಂಡ ಮಾಡಿಯೇ ಬಿಟ್ಟಿತು. ಒಂದೇ ವ್ಯತ್ಯಾಸ. ನಿಮ್ಮ ಚಿತ್ರದಲ್ಲಿ ಮೂಳೆಯ ದಟ್ಟಣೆ ಸೊನ್ನೆಗಿಂತ ಕೆಳಗೆ ಹೋದರೆ ಮಷಿನ್ ಕೆಟ್ಟಿದೆ ಅಂತ. ಇಲ್ಲಿ ಸಿಂಗಲ್ ಫೋಟಾನ್ ಚಿತ್ರದ ನಟ್ಟನಡುವೆ ನೆಗೆಟಿವ್ ಗುಂಡಿ ಬರಲೇಬೇಕು. 2001ರಲ್ಲಿ ಅದನ್ನೂ ಅಳೆದರು.

ಕೋಲಾರ ಸ್ಕ್ಯಾನ್:
ಪೇಷೆಂಟ್ ಅಲ್ಲಾಡಿದರೆ ನಮ್ಮ ಚಿತ್ರ ಹಾಳು. ನಿಮ್ಮದು?

ಅರೆಬೆಂದ ಫೋಟಾನ್:
ಫೇಸ್ ಅಲ್ಲಾಡಿದರೆ ಹಾಳು. ಅದಕ್ಕಿಂತ ದೊಡ್ಡ ಶತ್ರು ನಷ್ಟ. ಕನ್ನಡಿ, ಲೆನ್ಸ್, ಡಿಟೆಕ್ಟರ್ ಎಲ್ಲ ಸೇರಿ ಅರ್ಧಕ್ಕಿಂತ ಜಾಸ್ತಿ ಬೆಳಕು ಕಳೆದುಹೋದರೆ ಆ ನೆಗೆಟಿವ್ ಗುಂಡಿ ಮುಚ್ಚಿಹೋಗುತ್ತದೆ. ವಿಚಿತ್ರ ಏನೆಂದರೆ ಜಿ-2ಗೆ ಈ ಸಮಸ್ಯೆ ಇಲ್ಲ. ಬೆಳಕು ಎಷ್ಟು ಕಳೆದುಹೋದರೂ ಅದು ಬದಲಾಗುವುದಿಲ್ಲ, ಡೇಟಾ ಸೇರಲು ಹೊತ್ತು ಹಿಡಿಯುತ್ತದೆ ಅಷ್ಟೇ. ಅದಕ್ಕೇ ಎಲ್ಲರೂ ಮೊದಲು ಜಿ-2 ಅಳೆಯುತ್ತಾರೆ. ಆದರೆ ಅದು ಫೇಸ್ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಒಂದೇ ಮೀಟರಿನಲ್ಲಿ ಬೆಳಕಿನ ಪೂರ್ತಿ ಜಾತಕ ಸಿಗುವುದಿಲ್ಲ.

ಸಿರಾ ಸೀಮೆ:
ಸ್ಕ್ವೀಜ್ಡ್ ಲೈಟ್ ಬಿಟ್ಟಿರಲ್ಲ. ಖಾಲಿಯ ಸುಯ್ ಸದ್ದನ್ನೇ ಒಂದು ಫೇಸಿನಲ್ಲಿ ಹಿಂಡಿ ಕಡಿಮೆ ಮಾಡುವುದು, ಇನ್ನೊಂದು ಫೇಸಿನಲ್ಲಿ ಜಾಸ್ತಿಯಾಗಲಿ ಅಂತ ಬಿಡುವುದು. 1985ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮೊದಲು ಬಂತು. 2016ರಲ್ಲಿ ಜರ್ಮನಿಯಲ್ಲಿ 15 ಡೆಸಿಬೆಲ್‌ವರೆಗೆ ಹಿಂಡಿದರು. ಗುರುತ್ವ ಅಲೆ ಹಿಡಿಯುವ ಲೈಗೋದಲ್ಲಿ 2019ರಿಂದ ಇದನ್ನು ಸದಾ ಬಳಸುತ್ತಿದ್ದಾರೆ. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಲೈಗೋ ಬರುತ್ತಿದೆ, ನಮ್ಮ ಹುಡುಗರು ಈಗಲೇ ಕಲಿತರೆ ಕೆಲಸ ಸಿಗಬಹುದು.

ಅರೆಬೆಂದ ಫೋಟಾನ್:
ಅಲ್ಲೂ ನಷ್ಟದ್ದೇ ಕಾಟ. ಅರ್ಧ ಬೆಳಕು ಕಳೆದುಹೋದರೆ, ನೀವು ಎಷ್ಟೇ ಹಿಂಡಿದ್ದರೂ 3 ಡೆಸಿಬೆಲ್‌ಗಿಂತ ಜಾಸ್ತಿ ಕಾಣುವುದಿಲ್ಲ.

ಮಧುಗಿರಿ ಮೇಷ್ಟ್ರು:
ಇಷ್ಟೆಲ್ಲ ಮಾತಾಡಿ ನಮ್ಮವರ ಹೆಸರು ಯಾರೂ ಎತ್ತಲಿಲ್ಲ. ಬೆಳಕನ್ನು ಕೊಹೆರೆಂಟ್ ಸ್ಟೇಟುಗಳ ಬೆರಕೆಯಾಗಿ ಬರೆಯುವ ಸೂತ್ರ 1963ರಲ್ಲಿ ಬರೆದದ್ದು ಕೇರಳದ ಇ. ಸಿ. ಜಿ. ಸುದರ್ಶನ್. ಅದರಲ್ಲಿ ತೂಕ ನೆಗೆಟಿವ್ ಆದರೆ ಅದು ಕ್ವಾಂಟಮ್ ಬೆಳಕು. ನೀವು ಬೆಳಗ್ಗೆಯಿಂದ ಹೇಳುತ್ತಿರುವ ಗೆರೆ ಎಳೆದದ್ದೇ ಅವರು. 2005ರಲ್ಲಿ ನೊಬೆಲ್ ಹೋದದ್ದು ಗ್ಲೌಬರ್‌ಗೆ. ಸುದರ್ಶನ್ ಆಗಲೇ ಪ್ರತಿಭಟಿಸಿ ಬರೆದರು.

ಸಿರಾ ಸೀಮೆ:
ಮೇಷ್ಟ್ರೇ, ಗ್ಲೌಬರ್ ಸುಮ್ಮನೆ ಕೂತಿರಲಿಲ್ಲ. ಕೊಹೆರೆನ್ಸ್ ಸಿದ್ಧಾಂತ, ಈ ಜಿ-2 ಎಲ್ಲ ಅವರದೇ, ಅದೂ 1963ರದೇ.

ಮಧುಗಿರಿ ಮೇಷ್ಟ್ರು:
ಇಬ್ಬರಿಗೂ ಕೊಡಬೇಕಿತ್ತು ಅನ್ನುತ್ತಿದ್ದೇನೆ. ಅರ್ಧ ಭಾಗ ಹಾಲ್ ಮತ್ತು ಹ್ಯಾನ್ಶ್‌ಗೆ ಬೇರೆ ಕೆಲಸಕ್ಕೆ ಕೊಟ್ಟರು. ಮೂವರ ಮಿತಿ ಮುಗಿದುಹೋಯಿತು.

ಸಿರಾ ಸೀಮೆ:
ಅದನ್ನು ಒಪ್ಪುತ್ತೇನೆ.

ಪಾವಗಡ ಬಿಸಿಲು:
ಅಬ್ಬಾ, ಇಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದು ಮೊದಲ ಸಲ. ಸ್ಕ್ರೀನ್‌ಶಾಟ್ ತೆಗೆದಿಟ್ಟೆ.

ತುಮಕೂರು ಎಂಎಸ್ಸಿ:
ಬಹಳ ಕಲಿತೆ. ಆದರೆ ನಮ್ಮ ಹತ್ತಿರ ಎಣಿಸುವ ಡಿಟೆಕ್ಟರ್ ಇಲ್ಲ. ಇರುವುದು ಲೇಸರ್, ಸಾದಾ ಫೋಟೋಡಯೋಡ್, ಡಿಜಿಟಲ್ ಆಸಿಲೋಸ್ಕೋಪ್. ಬಲ್ಬಿನ ಬೆಳಕಿಗೆ 2 ಬರುತ್ತದೆ ಅಂದಿರಿ, ಅದನ್ನಾದರೂ ತೋರಿಸಬಹುದಾ?

ಅರೆಬೆಂದ ಫೋಟಾನ್:
ಬಲ್ಬಿನಿಂದ ಆಗುವುದಿಲ್ಲ. ಅದರ ಏರಿಳಿತ ಫೆಮ್ಟೋಸೆಕೆಂಡುಗಳಲ್ಲಿ ನಡೆಯುತ್ತದೆ. ನಿಮ್ಮ ಫೋಟೋಡಯೋಡ್ ನೋಡುವಷ್ಟರಲ್ಲಿ ಎಲ್ಲ ಸಮವಾಗಿ 1 ಕಾಣುತ್ತದೆ.

ಆದರೆ 1964ರಲ್ಲಿ ಮಾರ್ಟಿಯೆನ್ಸೆನ್ ಮತ್ತು ಸ್ಪಿಲ್ಲರ್ ಒಂದು ದಾರಿ ತೋರಿಸಿದ್ದಾರೆ. ಲೇಸರ್ ಅನ್ನು ತಿರುಗುವ ಮಬ್ಬು ಗಾಜಿನ ಮೇಲೆ ಬಿಡುವುದು. ಆಚೆ ಕಡೆ ಮಿನುಗುವ ಚುಕ್ಕಿಗಳು, ಅಂದರೆ ಸ್ಪೆಕಲ್, ಓಡಾಡುತ್ತವೆ. ಒಂದು ಚುಕ್ಕಿಗಿಂತ ಚಿಕ್ಕ ತೂತಿನ ಹಿಂದೆ ಫೋಟೋಡಯೋಡ್ ಇಟ್ಟರೆ ಅದಕ್ಕೆ ಕಾಣುವುದು ಥರ್ಮಲ್ ಬೆಳಕಿನ ಏರಿಳಿತವೇ, ಮಿಲಿಸೆಕೆಂಡಿನ ಲೆಕ್ಕದಲ್ಲಿ. ಗಾಜಿಗೆ ಖರ್ಚು ಬೇಡ. ಸಿಡಿ ಕಟ್ಟಿನ ಮೇಲೆ ಒಂದು ಪಾರದರ್ಶಕ ಖಾಲಿ ತಟ್ಟೆ ಬರುತ್ತದಲ್ಲ, ಅದನ್ನು ಎಮರಿ ಪೇಪರಿನಿಂದ ಚೆನ್ನಾಗಿ ಉಜ್ಜಿ, ಹಳೆಯ ಡ್ರೈವಿನ ಮೋಟರಿಗೆ ಹಾಕಿ. ತಟ್ಟೆಯ ಮೇಲೆ ಲೇಸರ್ ಬೊಟ್ಟು 1 ಮಿಲಿಮೀಟರ್ ಇದ್ದು, ಡಯೋಡ್ 1 ಮೀಟರ್ ದೂರ ಇದ್ದರೆ ಚುಕ್ಕಿ ಸುಮಾರು 0.65 ಮಿಲಿಮೀಟರ್. ಸೂಜಿಯಿಂದ ಚುಚ್ಚಿದ ತೂತು ಸಾಕು.

ಸ್ಕೋಪಿನ ಡೇಟಾದಲ್ಲಿ ತೀವ್ರತೆಯ ವರ್ಗದ ಸರಾಸರಿಯನ್ನು ಸರಾಸರಿಯ ವರ್ಗದಿಂದ ಭಾಗಿಸಿ, ಅದೇ ಇಲ್ಲಿ ಜಿ-2. ತಟ್ಟೆ ನಿಂತಾಗ 1, ತಿರುಗಿದಾಗ 2 ಬರಬೇಕು. ಒಂದೇ ಲೇಸರ್, ಎರಡು ಅಂಕಿಸಂಖ್ಯಾ ಗುಣ.

ಕೆಜಿಎಫ್ ಹುಡುಗಿ:
ಆಸಿಲೋಸ್ಕೋಪ್ ಇಲ್ಲದವರಿಗೆ? ಮೊಬೈಲ್ ಕ್ಯಾಮೆರಾ ಆಗುತ್ತಾ?

ಅರೆಬೆಂದ ಫೋಟಾನ್:
ಆಗುತ್ತದೆ, ಸ್ವಲ್ಪ ಬೇರೆ ರೀತಿ. ತಟ್ಟೆ ನಿಲ್ಲಿಸಿ, ಲೆನ್ಸ್ ಇಲ್ಲದ ಹಳೆಯ ವೆಬ್‌ಕ್ಯಾಮ್ ಮೇಲೆ ಸ್ಪೆಕಲ್ ಬೀಳಿಸಿ ಒಂದು ಚಿತ್ರ ತೆಗೆಯಿರಿ. ಕಾಲದ ಸರಾಸರಿ ಬದಲು ಪಿಕ್ಸೆಲ್‌ಗಳ ಸರಾಸರಿ. ಆದರೆ ಕ್ಯಾಮೆರಾ ಚಿತ್ರವನ್ನು ಚಂದ ಮಾಡದೆ ಕಚ್ಚಾ ಡೇಟಾ ಕೊಡಬೇಕು. ಫೋಟೋ ಫೈಲಿನಲ್ಲಿ ಲೆಕ್ಕ ಹಾಕಿದರೆ ಏನೇನೋ ಸಂಖ್ಯೆ ಬರುತ್ತದೆ.

ಮಧುಗಿರಿ ಮೇಷ್ಟ್ರು:
ಇದು ಕಾಲೇಜಿಗೆ ತಕ್ಕ ಪ್ರಯೋಗ. ಆದರೆ ಪ್ರಾಜೆಕ್ಟ್ ಹೆಸರಿನಲ್ಲಿ "ಕ್ವಾಂಟಮ್" ಹಾಕಬೇಡಿ, ಇದು ಪೂರ್ತಿ ಅಲೆಯ ಪ್ರಯೋಗ. ಈಗ ನಾನೇ ಅರೆಬೆಂದವರ ಮಾತು ಆಡುತ್ತಿದ್ದೇನೆ.

ತುಮಕೂರು ಎಂಎಸ್ಸಿ:
ವಾರ ಕಳೆದು ಬಂದೆ. ತಟ್ಟೆ ತಿರುಗಿತು! ನಿಂತಾಗ 1.00, ತಿರುಗುವಾಗ 1.6 ಬರುತ್ತಿದೆ. 2 ಯಾಕೆ ಬರುತ್ತಿಲ್ಲ? ಗೈಡ್ ಸರ್ ಈಗ ನಮಗಿಂತ ಜಾಸ್ತಿ ಉತ್ಸಾಹದಲ್ಲಿದ್ದಾರೆ, ತೂತನ್ನು ಅವರೇ ಚುಚ್ಚಿಕೊಟ್ಟರು.

ಅರೆಬೆಂದ ಫೋಟಾನ್:
ಭೇಷ್! ಮೂರು ಕಡೆ ನೋಡಿ. ತೂತು ದೊಡ್ಡದಾಗಿ ಒಂದಕ್ಕಿಂತ ಜಾಸ್ತಿ ಚುಕ್ಕಿ ಒಳಗೆ ಬರುತ್ತಿದ್ದರೆ ಜಿ-2 ಇಳಿಯುತ್ತದೆ. ಎರಡು ಚುಕ್ಕಿಗೆ 1.5, ಮೂರಕ್ಕೆ 1.33. ತಟ್ಟೆಯನ್ನು ಡಯೋಡಿನಿಂದ ಇನ್ನೂ ದೂರ ಇಡಿ, ಚುಕ್ಕಿ ದೊಡ್ಡದಾಗುತ್ತದೆ. ಪ್ಲಾಸ್ಟಿಕ್ ತಟ್ಟೆ ಪೋಲರೈಸೇಷನ್, ಅಂದರೆ ಅಲೆ ಅಲ್ಲಾಡುವ ದಿಕ್ಕು, ಕೆಡಿಸಿರಬಹುದು. ಅದು ಪೂರ್ತಿ ಕೆಟ್ಟರೂ 1.5. ಡಯೋಡ್ ಮುಂದೆ ಒಂದು ಪೋಲರಾಯ್ಡ್ ತುಂಡು ಇಡಿ. ಮೂರನೆಯದು ಹೊರಗಿನ ಬೆಳಕು. ಲೇಸರ್ ಮುಚ್ಚಿ ಎಷ್ಟು ಬರುತ್ತದೆ ನೋಡಿ, ಅದನ್ನು ಕಳೆಯಿರಿ.

ಚಿಂತಾಮಣಿ ರೇಡಿಯೋ:
ನಾಲ್ಕನೆಯದು ನಾನು ಹೇಳುತ್ತೇನೆ ಮಗಳೇ. ಸ್ಕೋಪ್ ಡಿಸಿ ಕಪ್ಲಿಂಗ್‌ನಲ್ಲಿ ಇದೆಯಾ ನೋಡು. ಎಸಿಯಲ್ಲಿ ಇಟ್ಟರೆ ಸರಾಸರಿಯನ್ನೇ ನುಂಗಿಬಿಡುತ್ತದೆ, ಲೆಕ್ಕ ಎಲ್ಲ ತಲೆಕೆಳಗು. ಮತ್ತೆ ಟ್ಯೂಬ್‌ಲೈಟ್ ಆರಿಸು. ಸೆಕೆಂಡಿಗೆ ನೂರು ಸಲ ಮಿಟುಕುತ್ತದೆ ಅದು.

ತುಮಕೂರು ಎಂಎಸ್ಸಿ:
ಡಿಸಿಯಲ್ಲೇ ಇದೆ ಅಂಕಲ್. ಟ್ಯೂಬ್‌ಲೈಟ್ ಆರಿಸಿ ಪೋಲರಾಯ್ಡ್ ಇಟ್ಟೆವು, 1.85ಕ್ಕೆ ಏರಿತು. ಇನ್ನು ತೂತು ಬದಲಿಸುತ್ತೇವೆ.

ಗೌರಿಬಿದನೂರು ಗಿರಾಕಿ:
ತಟ್ಟೆಗೆ ಯಾವ ನಂಬರಿನ ಎಮರಿ ಪೇಪರ್ ಹಾಕಿದಿರಿ? ತಂಗಿಯ ಕಾಲೇಜಿನಲ್ಲಿ ಮಾಡಿಸಬೇಕು.

ತುಮಕೂರು ಎಂಎಸ್ಸಿ:
220. ಎರಡೂ ಕಡೆ ಉಜ್ಜಬೇಡಿ, ಒಂದೇ ಕಡೆ ಸಾಕು.